ನಗುವ ಹಲ್ಲಿಗೆ ಚಿಕಿತ್ಸೆ: ಅಂದವೆಷ್ಟು, ಆರೋಗ್ಯವೆಷ್ಟು?

ಬಾಯಿಯ ಶೃಂಗಾರಕ್ಕೆ ಕಲ್ಯಾಣದ ನೆಲದಲ್ಲಿ ಹಳೆಯ ಮರ್ಯಾದೆಯುಂಟು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಈ ರಾಜಧಾನಿಯಿಂದ ಆಳುತ್ತಿದ್ದಾಗ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಸನು ಅನುಭವಿಸತಕ್ಕ ಭೋಗಗಳನ್ನು ಹೇಳುವಾಗ ಅವನು ಸ್ನಾನ, ವಸ್ತ್ರ, ಅನ್ನಗಳ ಜೊತೆಗೆ ತಾಂಬೂಲಕ್ಕೂ ಒಂದು ಸ್ಥಾನವನ್ನಿತ್ತಿದ್ದಾನೆ. ಅದೇ ಶತಮಾನದಲ್ಲಿ ಬಸವಣ್ಣನವರ ಬಳಿಯಿದ್ದ ಅಪ್ಪಣ್ಣನವರಿಗೆ ‘ಹಡಪದ’ ಎಂಬ ವಿಶೇಷಣ ಬಂದುದು ಎಲೆಯಡಿಕೆಯ ಚೀಲದ ಕಾಯಕದಿಂದ. ಅಂದು ಕೆಂಪೇರಿದ ತುಟಿ, ರಂಗೇರಿದ ಬಾಯಿ ಸಂಪನ್ನತೆಯ ಗುರುತಾಗಿದ್ದುವು. ಇಂದು ಅದೇ ಊರಿನ ಮನೆಗಳಲ್ಲಿ ಹಂಬಲ ತಿರುಗಿದೆ. ಹಲ್ಲು ಹಾಲಿನಂತೆ ಬೆಳ್ಳಗಿರಬೇಕು, ಸಾಲು ತಪ್ಪದಿರಬೇಕು, ಫೋಟೋದಲ್ಲಿ ಬಾಯಿ ತೆರೆದು ನಗುವಂತಿರಬೇಕು.

ಹಂಬಲದಲ್ಲಿ ತಪ್ಪೇನೂ ಇಲ್ಲ. ಸೆರಗಿನಿಂದಲೋ ಅಂಗೈಯಿಂದಲೋ ಬಾಯಿ ಮುಚ್ಚಿಕೊಂಡು ನಗುವವರ ಸಂಕಟ ಅವರಿಗೇ ಗೊತ್ತು. ಆದರೆ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗಳಲ್ಲಿ ಕೆಲವು ಹಲ್ಲನ್ನು ಉಳಿಸುತ್ತವೆ, ಕೆಲವು ಹಲ್ಲನ್ನು ಸವೆಸುತ್ತವೆ. ಇವುಗಳ ಭೇದವನ್ನು ಅರಿಯದೆ ಅವಸರಪಟ್ಟರೆ ಮುಂದೆ ಪಶ್ಚಾತ್ತಾಪಕ್ಕೆ ಎಡೆಯಾಗುತ್ತದೆ.

ಬಸವಕಲ್ಯಾಣದ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಮಗಳಿಗೆ ಲಗ್ನ ನಿಶ್ಚಯವಾಗಿದೆ. ಬಾಲ್ಯದಲ್ಲಿ ಮೆಟ್ಟಿಲ ಮೇಲೆ ಬಿದ್ದಿದ್ದರಿಂದ ಮೇಲಿನ ಬಾಚಿಹಲ್ಲೊಂದು ಕ್ರಮೇಣ ಬೂದುಬಣ್ಣಕ್ಕೆ ತಿರುಗಿದೆ, ಅದರ ಅಂಚು ಸ್ವಲ್ಪ ಮುರಿದಿದೆ. ತಾಯಿ ಅವಳನ್ನು ದಂತವೈದ್ಯರಲ್ಲಿಗೆ ಕರೆತಂದು ಒಂದೇ ಉಸಿರಿಗೆ ಹೇಳುತ್ತಾಳೆ: “ಡಾಕ್ಟರ್ ಸಾಹೇಬ್ರ, ಮುಂದಿನ ಆರೂ ಹಲ್ಲಿಗೆ ಕ್ಯಾಪ್ ಹಾಕಿಬಿಡ್ರಿ. ಲಗ್ನ ಎರಡು ತಿಂಗಳಿಗೆ ಅದ.”

ವೈದ್ಯರು ಹಲ್ಲುಗಳನ್ನು ಪರೀಕ್ಷಿಸಿ ಹೇಳುತ್ತಾರೆ: “ತಾಯೀ, ಆರರಾಗ ಐದು ಗಟ್ಟಿ ಅವ. ಕೆಟ್ಟದ್ದು ಒಂದೇ. ಒಂದರ ಸಲುವಾಗಿ ಐದನ್ನ ಯಾಕ ಕೊಯ್ಸತೀರಿ?”

ಈ ಪ್ರಶ್ನೆಯಲ್ಲಿಯೇ ಇಂದಿನ ವಿಷಯದ ಸಾರವೆಲ್ಲ ಅಡಗಿದೆ.

ಮೊದಲು ಶುಚಿ, ಆಮೇಲೆ ಬಿಳುಪು

ಹಲ್ಲು ಹಳದಿಯಾಗಿದೆಯೆಂದು ಬರುವ ಅನೇಕರಿಗೆ ಬೇಕಾಗಿರುವುದು ಕೇವಲ ಶುಚಿ. ಚಹ, ಎಲೆಯಡಿಕೆ, ಬೀಡಿ ಇವುಗಳ ಕಲೆಯೂ ಒಸಡಿನ ಅಂಚಿನಲ್ಲಿ ಗಟ್ಟಿಯಾಗಿ ಕುಳಿತ ಕಿಟ್ಟವೂ ಹಲ್ಲಿನ ಹೊರಮೈಗೆ ಸೇರಿದುವು. ಅತಿಸೂಕ್ಷ್ಮವಾಗಿ ಕಂಪಿಸುವ ಉಪಕರಣದಿಂದ ಇವನ್ನು ಬಿಡಿಸಿ ಹೊಳಪು ಕೊಟ್ಟರೆ, ಹಲವು ಬಾಯಿಗಳಲ್ಲಿ ಬೇರೆ ಚಿಕಿತ್ಸೆಯೇ ಬೇಕಾಗುವುದಿಲ್ಲ.

“ಹಲ್ಲು ತೊಳೆಸಿದರೆ ಸಡಿಲವಾಗುತ್ತವೆ” ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಇದರಲ್ಲಿ ಕಾರಣಕ್ಕೂ ಕಾರ್ಯಕ್ಕೂ ಅದಲುಬದಲಾಗಿದೆ. ಕಿಟ್ಟವು ವರ್ಷಗಟ್ಟಲೆ ಕುಳಿತಾಗ ಒಸಡು ಊದಿಕೊಂಡು, ಹಲ್ಲಿಗೆ ಆಧಾರವಾದ ದವಡೆಯ ಎಲುಬು ಕರಗುತ್ತ ಬರುತ್ತದೆ. ಹಾಗೆ ಸಡಿಲವಾದ ಹಲ್ಲುಗಳನ್ನು ಆ ಕಿಟ್ಟವೇ ಗಾರೆಯಂತೆ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲತೆ ಅನುಭವಕ್ಕೆ ಬರುತ್ತದೆ. ಕಳ್ಳನು ಹೋದ ಮೇಲೆ ಬಾಗಿಲು ತೆರೆದವನನ್ನು ಕಳ್ಳನೆಂದಂತಾಯಿತು.

ಒಳಗಿನ ಬಣ್ಣವೇ ಹಳದಿಯಾಗಿದ್ದರೆ ಆಗ ಬಿಳುಪುಗೊಳಿಸುವ ಚಿಕಿತ್ಸೆ. ಇದರಲ್ಲಿ ಬಳಸುವುದು ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಕಾರ್ಬಮೈಡ್ ಪೆರಾಕ್ಸೈಡ್. ಹಲ್ಲಿನ ಮೇಲ್ಪದರವಾದ ಎನಾಮೆಲ್‌ನ ಮೂಲಕ ಒಳಹೊಕ್ಕ ಆಮ್ಲಜನಕವು ಬಣ್ಣದ ಕಣಗಳನ್ನು ಒಡೆದು ತಿಳಿಗೊಳಿಸುತ್ತದೆ. ಮನೆಯಲ್ಲಿಯೇ ರಾತ್ರಿಯ ಹೊತ್ತು ಅಚ್ಚಿನಲ್ಲಿ ತುಂಬಿ ಧರಿಸುವ ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಒಡೆದಾಗ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇಕಡಾ 3.5 ಮಾತ್ರ. ಇದು ನಿಧಾನವಾದರೂ ಸೌಮ್ಯವಾದ ಮಾರ್ಗ. ಕೆಲವು ದಿನ ತಣ್ಣೀರು ಜುಮ್ಮೆನ್ನಿಸುವುದುಂಟು. ಸಾಮಾನ್ಯವಾಗಿ ಅದು ತಾನೇ ಶಮನವಾಗುತ್ತದೆ. ಬಿಳುಪು ಶಾಶ್ವತವಲ್ಲ, ಚಹ ಮತ್ತು ತಂಬಾಕಿನ ಅಭ್ಯಾಸಕ್ಕೆ ತಕ್ಕಂತೆ ಮತ್ತೆ ಮಸುಕಾಗುತ್ತದೆ. ಹಾಕಿಸಿದ ಕ್ಯಾಪು, ತುಂಬಿಸಿದ ಸಿಮೆಂಟು ಈ ಔಷಧಕ್ಕೆ ಬಣ್ಣ ಬದಲಿಸುವುದಿಲ್ಲ. ಗರ್ಭಿಣಿಯರೂ ಚಿಕ್ಕ ಮಕ್ಕಳೂ ಇದರಿಂದ ದೂರವಿರುವುದು ಲೇಸು.

ಇದ್ದಿಲಪುಡಿ, ನಿಂಬೆರಸ, ಉಪ್ಪು ಇವುಗಳಿಂದ ಉಜ್ಜಿ ಬಿಳುಪು ತರುವೆನೆಂಬುದು ದುಬಾರಿಯಾದ ಉಳಿತಾಯ. ನಿಂಬೆಯ ಆಮ್ಲ ಎನಾಮೆಲನ್ನು ಮೆದುವಾಗಿಸುತ್ತದೆ, ಪುಡಿ ಅದನ್ನು ಕೆರೆಯುತ್ತದೆ. ಎನಾಮೆಲ್ ಸವೆದಂತೆ ಅದರ ಕೆಳಗಿನ ಡೆಂಟಿನ್ ಎಂಬ ಪದರ ಇಣುಕುತ್ತದೆ. ಅದರ ಸಹಜ ಬಣ್ಣವೇ ಹಳದಿ. ಬೆಳ್ಳಗಾಗಲೆಂದು ಉಜ್ಜಿದ್ದೇ ಹಳದಿಗೆ ಕಾರಣವಾಗುತ್ತದೆ. ಒಮ್ಮೆ ಸವೆದ ಎನಾಮೆಲ್ ಮತ್ತೆ ಹುಟ್ಟದು.

ಕೆಲವು ಕಲೆಗಳು ಹಲ್ಲು ಮೂಡುವಾಗಲೇ ಬಂದಿರುತ್ತವೆ. ಎಳೆವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವ ನೀರನ್ನು ಕುಡಿದ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಕಂದುಬಣ್ಣದ ಗೆರೆ ಮೂಡುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ಒಪ್ಪತಕ್ಕದ್ದು. ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಂ ಕೊನೆಯ ಮಿತಿ. ಕೊಳವೆಬಾವಿಯ ನೀರನ್ನೇ ನಂಬಿದ ಮನೆಗಳವರು ಅದನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಮುಂದಿನ ಎಷ್ಟೋ ಖರ್ಚನ್ನು ಉಳಿಸುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೂ ಬಸುರಿಯರಿಗೂ ಟೆಟ್ರಾಸೈಕ್ಲಿನ್ ಗುಳಿಗೆಗಳನ್ನು ವೈದ್ಯರು ಸಾಮಾನ್ಯವಾಗಿ ಕೊಡದಿರುವುದಕ್ಕೂ ಹಲ್ಲಿನ ಕಲೆಯೇ ಒಂದು ಕಾರಣ.

ಮುರಿದದ್ದನ್ನು ಬೆಸೆಯುವ ವಿದ್ಯೆ

1955ರಲ್ಲಿ ಅಮೆರಿಕದ ಮೈಕೇಲ್ ಬ್ಯೂನಕೋರ್ ಎಂಬ ದಂತವಿಜ್ಞಾನಿ ಒಂದು ಸರಳ ಸಂಗತಿಯನ್ನು ಪ್ರಕಟಿಸಿದರು. ಎನಾಮೆಲ್‌ನ ಮೇಲೆ ಫಾಸ್ಫಾರಿಕ್ ಆಮ್ಲವನ್ನು ಸವರಿ ತೊಳೆದರೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕುಳಿಗಳಾಗುತ್ತವೆ. ರಾಳದಂಥ ದ್ರವ್ಯವು ಅವುಗಳೊಳಕ್ಕೆ ಇಳಿದು ಭದ್ರವಾಗಿ ಕಚ್ಚಿಕೊಳ್ಳುತ್ತದೆ. ಗೋಡೆಗೆ ಗಿಲಾವು ಮಾಡುವ ಮೊದಲು ಗೌಂಡಿಯು ಅದಕ್ಕೆ ಕಚ್ಚು ಹಾಕುವಂತೆಯೇ ಇದು. ಮುಂದೆ ಹಲ್ಲಿನ ಬಣ್ಣದ ‘ಕಾಂಪೋಸಿಟ್’ ರಾಳಗಳು ಬಂದುವು. ಹಲ್ಲಿನ ಮೇಲೆ ಅದನ್ನು ಪದರಪದರವಾಗಿ ಇಟ್ಟು ನೀಲಿ ಬೆಳಕು ಹಾಯಿಸಿದರೆ ಕೆಲವೇ ಕ್ಷಣಗಳಲ್ಲಿ ಗಟ್ಟಿಯಾಗುತ್ತದೆ.

ಇದಕ್ಕೆ ಮೊದಲು ಹುಳುಕಿಗೆ ಪಾದರಸದ ಮಿಶ್ರಲೋಹವನ್ನು ತುಂಬುವಾಗ ಅದು ಜಾರದಂತೆ ಒಳ್ಳೆಯ ಹಲ್ಲನ್ನೂ ಸ್ವಲ್ಪ ಕೊರೆಯಬೇಕಾಗಿತ್ತು. ಬೆಸೆಯುವ ವಿದ್ಯೆಯಿಂದ ಆ ನಷ್ಟ ತಗ್ಗಿತು. ಇಂದು ಮುರಿದ ಅಂಚು, ಎರಡು ಹಲ್ಲುಗಳ ನಡುವಿನ ಸಣ್ಣ ಸಂದು, ಮುಂಭಾಗದ ಹುಳುಕು ಇವನ್ನೆಲ್ಲ ಒಂದೇ ಭೇಟಿಯಲ್ಲಿ ಸರಿಪಡಿಸಬಹುದು. ಒಳ್ಳೆಯ ಹಲ್ಲನ್ನು ಹೆಚ್ಚು ಮುಟ್ಟದಿರುವುದೇ ಇದರ ದೊಡ್ಡ ಗುಣ. ದೋಷವೂ ಇದೆ. ಕಾಂಪೋಸಿಟ್ ಕೆಲವು ವರ್ಷಗಳಲ್ಲಿ ಕಲೆ ಹಿಡಿಯುತ್ತದೆ, ಅಂಚಿನಲ್ಲಿ ಚಕ್ಕೆ ಏಳುತ್ತದೆ. ಆದರೆ ಮತ್ತೆ ದುರಸ್ತಿ ಮಾಡುವುದು ಸುಲಭ.

ಪಿಂಗಾಣಿಯ ತೆಳುಹಾಳೆಯ ಮಾತು ಬೇರೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಹಾಲಿವುಡ್ ನಟನಟಿಯರ ಹಲ್ಲಿನ ಮೇಲೆ ಇಂಥ ಹಾಳೆಗಳನ್ನು ಚಿತ್ರೀಕರಣದ ಹೊತ್ತಿಗೆ ಮಾತ್ರ ಅಂಟಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಅವನ್ನು ತೆಗೆದಿಡಬೇಕಾಗಿತ್ತು. 1980ರ ದಶಕದಿಂದೀಚೆಗೆ ಅವು ಭದ್ರವಾಗಿ ಬೆಸೆಯುವಂಥವಾದುವು. ಇವೇ ಇಂದಿನ ‘ವೆನೀರ್’ಗಳು. ಇವಕ್ಕೆ ಎಡೆ ಮಾಡಲು ಸಾಮಾನ್ಯವಾಗಿ ಎನಾಮೆಲನ್ನು ಸುಮಾರು ಅರ್ಧ ಮಿಲಿಮೀಟರ್ ಕೆರೆಯುತ್ತಾರೆ. ಹೊಳಪು ಚೆನ್ನ, ಕಲೆ ಹಿಡಿಯುವುದು ಕಡಿಮೆ, ಬೆಲೆ ಹೆಚ್ಚು. ಒಮ್ಮೆ ಕೆರೆದ ಹಲ್ಲಿಗೆ ಜೀವಮಾನವಿಡೀ ಏನಾದರೊಂದು ಹೊದಿಕೆ ಇರಲೇಬೇಕು.

ಕ್ಯಾಪ್ ಎಂಬ ಕಿರೀಟ

ಕ್ಯಾಪ್ ಹಾಕುವುದೆಂದರೆ ಇದ್ದ ಹಲ್ಲಿನ ಮೇಲೆ ಟೊಪ್ಪಿಗೆ ತೊಡಿಸಿದಷ್ಟೇ ಸುಲಭವೆಂದು ಹಲವರು ತಿಳಿದಿರುತ್ತಾರೆ. ಟೊಪ್ಪಿಗೆ ಕೂರಲು ತಲೆಯನ್ನೇ ಸಣ್ಣದಾಗಿಸಬೇಕಲ್ಲವೇ? ಸುತ್ತಲೂ ಮೇಲೂ ಕೊಯ್ದಾಗ ಕಣ್ಣಿಗೆ ಕಾಣುವ ಹಲ್ಲಿನ ಸುಮಾರು ಮೂರನೆಯ ಎರಡು ಭಾಗ ಹೋಗಿಬಿಡುತ್ತದೆಂದು ತೂಕ ಮಾಡಿ ನೋಡಿದವರು ಹೇಳಿದ್ದಾರೆ. ಹಾಗೆ ಕೊಯ್ದ ಹಲ್ಲುಗಳಲ್ಲಿ ಕೆಲವು ಮುಂದೆ ನೋವು ತಂದು, ಬೇರಿನ ನಾಳದ ಚಿಕಿತ್ಸೆಯನ್ನೂ ಬೇಡುವುದುಂಟು.

ಹುಳುಕಿನಿಂದ ಬಹುಭಾಗ ಕಳೆದುಹೋದ ಹಲ್ಲಿಗೆ, ನಾಳದ ಚಿಕಿತ್ಸೆಯಾದ ದವಡೆಹಲ್ಲಿಗೆ, ಬಿರುಕುಬಿಟ್ಟ ಹಲ್ಲಿಗೆ ಕ್ಯಾಪ್ ವರವೇ ಸರಿ. ಅದು ಒಡೆಯದಂತೆ ಕಾಯುತ್ತದೆ. ಲೋಹದ್ದು, ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದು, ಜಿರ್ಕೋನಿಯಾದ್ದು ಎಂದು ಬಗೆಗಳಿವೆ. ಮುಂದಿನ ಹಲ್ಲಿಗೆ ಅಂದ ಮುಖ್ಯ, ಹಿಂದಿನದಕ್ಕೆ ಬಲ ಮುಖ್ಯ. ಆದರೆ ಗಟ್ಟಿಯಾದ ಐದು ಹಲ್ಲುಗಳನ್ನು ಕೇವಲ ಬಣ್ಣಕ್ಕಾಗಿ ಕೊಯ್ಯುವುದು, ಮನೆಗೆ ಸುಣ್ಣ ಹೊಡೆಯಲೆಂದು ಗೋಡೆ ಕೆಡವಿದಂತೆ.

ಬೂದುಬಣ್ಣದ ಆ ಒಂದು ಹಲ್ಲಿಗೆ ಸೌಮ್ಯವಾದ ದಾರಿಯುಂಟು. ಬಿದ್ದ ಪೆಟ್ಟಿಗೆ ಒಳಗಿನ ನರ ಸತ್ತು, ರಕ್ತದ ಕಣಗಳು ಡೆಂಟಿನ್‌ಗೆ ಇಳಿದುದರಿಂದ ಬಣ್ಣ ಕೆಟ್ಟಿದೆ. ಎಕ್ಸ್‌ರೇ ತೆಗೆದು, ನಾಳವನ್ನು ಶುಚಿಮಾಡಿ ಮುಚ್ಚಿ, ಬೇರಿನ ಕಡೆಗೆ ಭದ್ರವಾದ ತಡೆಯಿಟ್ಟು, ಬಿಳುಪಿನ ಔಷಧವನ್ನು ಹಲ್ಲಿನೊಳಗೇ ಇರಿಸುತ್ತಾರೆ. ಕೆಲವು ದಿನಗಳಿಗೊಮ್ಮೆ ಅದನ್ನು ಬದಲಿಸುತ್ತ ಬಂದರೆ ಎರಡು ಮೂರು ಭೇಟಿಗಳಲ್ಲಿ ಹಲ್ಲು ತಿಳಿಯಾಗುತ್ತದೆ. ಬಳಿಕ ಸುಮಾರು ಎರಡು ವಾರ ಕಾಯಬೇಕು. ಉಳಿದಿರುವ ಆಮ್ಲಜನಕವು ರಾಳದ ಹಿಡಿತವನ್ನು ಕೆಡಿಸುವುದೇ ಇದಕ್ಕೆ ಕಾರಣ. ಆಮೇಲೆ ಮುರಿದ ಅಂಚಿಗೆ ಕಾಂಪೋಸಿಟ್. ಎರಡು ತಿಂಗಳ ಗಡುವು ಇದಕ್ಕೆ ಸಾಕು. ಮದುವೆಗೆ ಎಂಟು ದಿನವಿರುವಾಗ ಓಡಿಬಂದರೆ ಸಾಲದು.

ಬಿದ್ದ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತನ್ನು ತಾಯಂದಿರು ನೆನಪಿಡತಕ್ಕದ್ದು. ಶಾಶ್ವತ ಹಲ್ಲು ಬೇರುಸಹಿತ ಕಳಚಿಬಿದ್ದರೆ ಅದನ್ನು ಬೇರಿನ ಕಡೆ ಮುಟ್ಟದೆ, ಉಜ್ಜದೆ, ಮೇಲ್ಭಾಗವನ್ನು ಹಿಡಿದು ಹಾಲಿನಿಂದಲೋ ನೀರಿನಿಂದಲೋ ಕ್ಷಣಕಾಲ ತೊಳೆದು ಅದೇ ಗುಳಿಯಲ್ಲಿ ಕೂಡಿಸಬೇಕು. ಅದಾಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರನ್ನು ಸೇರಬೇಕು. ಹೀಗೆ ಮಾಡಿದ ಎಷ್ಟೋ ಹಲ್ಲುಗಳು ಮತ್ತೆ ಬೇರೂರಿವೆ. ಹಾಲುಹಲ್ಲನ್ನು ಮಾತ್ರ ಹೀಗೆ ಕೂಡಿಸಬಾರದು.

ಇಲ್ಲದ ಹಲ್ಲಿನ ಜಾಗದಲ್ಲಿ

ಬಿದ್ದುಹೋದ ಹಲ್ಲಿನ ಜಾಗಕ್ಕೆ ಮೂರು ದಾರಿಗಳು. ತೆಗೆದು ಹಾಕುವ ಕಟ್ಟುಹಲ್ಲು ಅಗ್ಗ. ರಾತ್ರಿ ತೆಗೆದು ತೊಳೆದಿಡಬೇಕು. ‘ಬ್ರಿಜ್’ ಎಂಬ ಸೇತುವೆ ಸ್ಥಿರವಾಗಿರುತ್ತದೆ. ಆದರೆ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಕಂಬವಾಗಿಸಲು ಕೊಯ್ಯಬೇಕು. ಮೂರನೆಯದು ‘ಇಂಪ್ಲಾಂಟ್’. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು 1952ರ ಸುಮಾರಿಗೆ ಮೊಲದ ಎಲುಬಿನಲ್ಲಿ ಟೈಟೇನಿಯಂ ಉಪಕರಣವೊಂದನ್ನಿಟ್ಟು ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಕೀಳಹೋದರೆ ಅದು ಬರಲಿಲ್ಲ, ಎಲುಬು ಲೋಹವನ್ನು ತನ್ನದಾಗಿಸಿಕೊಂಡಿತ್ತು. ಈ ಆಕಸ್ಮಿಕದಿಂದ 1965ರಲ್ಲಿ ಮನುಷ್ಯನ ದವಡೆಗೆ ಮೊದಲ ಟೈಟೇನಿಯಂ ಬೇರು ಬಂದಿತು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಅದು ಎಲುಬಿನೊಡನೆ ಬೆರೆತ ಮೇಲೆ ಹಲ್ಲನ್ನು ಕೂಡಿಸುತ್ತಾರೆ. ಪಕ್ಕದ ಹಲ್ಲುಗಳಿಗೆ ಕೊಯ್ತವಿಲ್ಲ. ಖರ್ಚು ಹೆಚ್ಚು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ಧೂಮಪಾನಿಗಳಿಗೂ ಇದು ಕೈಕೊಡುವ ಸಂಭವ ಅಧಿಕ.

ಉಬ್ಬುಹಲ್ಲು, ವಕ್ರಹಲ್ಲುಗಳಿಗೆ ತಂತಿಯ ಚಿಕಿತ್ಸೆಯೇ ಯೋಗ್ಯವಾದುದು. ಒಂದೂವರೆಯಿಂದ ಎರಡು ವರ್ಷದ ತಾಳ್ಮೆ ಬೇಕೆಂಬುದೊಂದೇ ಇದರ ತೊಡಕು. ವಯಸ್ಸು ಮೀರಿತೆಂದು ಹಿಂಜರಿಯಬೇಕಾಗಿಲ್ಲ. ಒಸಡು ಗಟ್ಟಿಯಾಗಿದ್ದರೆ ಪ್ರಾಯದವರ ಹಲ್ಲೂ ಸರಿಯುತ್ತದೆ. ತಂತಿ ತೆಗೆದ ಮೇಲೆ ಹಲ್ಲು ಮರಳಿ ಹಳೆಯ ಜಾಗಕ್ಕೆ ಹೋಗದಂತೆ ಕೊಡುವ ಸಾಧನವನ್ನು ಧರಿಸದೆ ಬಿಟ್ಟರೆ ಎರಡು ವರ್ಷದ ಶ್ರಮ ನೀರುಪಾಲು.

ಯಾರಲ್ಲಿಗೆ ಹೋಗುವುದು?

ಅನೇಕ ಊರುಗಳ ಸಂತೆ ಜಾತ್ರೆಗಳಲ್ಲಿ, ರಸ್ತೆಯ ಬದಿಯಲ್ಲಿ, ಕ್ಷಣಾರ್ಧದಲ್ಲಿ ಹಲ್ಲು ಕೂಡಿಸಿಕೊಡುವವರು ಇಂದಿಗೂ ಉಂಟು. ಇವರು ಪಕ್ಕದ ಹಲ್ಲಿಗೆ ತಂತಿ ಸುತ್ತಿ, ಒಸಡಿನ ಮೇಲೆಯೇ ರಾಳವನ್ನು ಮೆತ್ತುತ್ತಾರೆ. ಅದರ ಕೆಳಗೆ ಕೊಳೆ ಸೇರಿ, ಎಲುಬು ಕರಗಿ, ಆಧಾರವಾಗಿದ್ದ ಒಳ್ಳೆಯ ಹಲ್ಲುಗಳೂ ಕಳಚುತ್ತವೆ. ಕುದಿಸದ ಚಿಮಟಗಳಿಂದ ಹೆಪಟೈಟಿಸ್-ಬಿ ಮೊದಲಾದ ರೋಗಗಳು ಹರಡುವ ಭಯ ಇನ್ನೂ ದೊಡ್ಡದು. ನೋಂದಣಿಯಿಲ್ಲದೆ ದಂತವೈದ್ಯ ವೃತ್ತಿ ನಡೆಸುವುದನ್ನು ಕಾನೂನೇ ಅಪರಾಧವೆಂದು ಸಾರಿದೆ.

ಈ ಭಾಗದವರಿಗೆ ಒಂದು ಅನುಕೂಲವಿದೆ. ಹುಮನಾಬಾದಿನಲ್ಲಿ ಎಚ್.ಕೆ.ಡಿ.ಇ.ಟಿ. ದಂತ ಮಹಾವಿದ್ಯಾಲಯವೂ ಅದರ ಆಸ್ಪತ್ರೆಯೂ ಇವೆ. ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲೆಯ ಹತ್ತಿರ ಹೆದ್ದಾರಿ ಸೇರಿದರೆ ಹುಮನಾಬಾದು ದೂರವಿಲ್ಲ. ದಂತ ಮಹಾವಿದ್ಯಾಲಯಗಳ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಕೆಲಸ ಮಾಡುವುದರಿಂದ ವೇಳೆ ಹೆಚ್ಚು ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹಲ್ಲಿನ ಒಂದೊಂದು ಕಾಯಿಲೆಗೂ ತಜ್ಞರು ಒಂದೇ ಸೂರಿನ ಕೆಳಗೆ ಸಿಗುವುದು ಇನ್ನೊಂದು ಲಾಭ.

ಎಲ್ಲಿಗೇ ಹೋದರೂ ಕುರ್ಚಿಯಲ್ಲಿ ಒರಗುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಈ ಚಿಕಿತ್ಸೆಯನ್ನು ಮಾಡಿಸದಿದ್ದರೆ ಏನಾಗುತ್ತದೆ? ಒಳ್ಳೆಯ ಹಲ್ಲಿನ ಎಷ್ಟು ಭಾಗ ಹೋಗುತ್ತದೆ? ಎಷ್ಟು ವರ್ಷ ಬಾಳುತ್ತದೆ, ಕೆಟ್ಟರೆ ಮುಂದೇನು? ಒಟ್ಟು ಖರ್ಚೆಷ್ಟು? ಉಪಕರಣಗಳನ್ನು ಒತ್ತಡದ ಹಬೆಯಲ್ಲಿ, ಅಂದರೆ 121 ಡಿಗ್ರಿ ಉಷ್ಣತೆಯಲ್ಲಾದರೂ, ಶುದ್ಧಿಮಾಡಿರುವರೇ ಎಂದು ಕೇಳಲೂ ಸಂಕೋಚ ಬೇಡ. ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ.

ಸೆರಗಿನ ಮರೆಯ ಬಾಯಿ

ಮತ್ತೆ ಆ ತಾಯಿಮಗಳ ಕಡೆಗೆ ಬರೋಣ. ಮಗಳಿಗೆ ಒಂದೇ ಹಲ್ಲಿನ ಚಿಕಿತ್ಸೆ ಸಾಕೆಂದು ನಿಶ್ಚಯವಾಯಿತು. ಮಾತಿನ ಉದ್ದಕ್ಕೂ ತಾಯಿ ಸೆರಗಿನಿಂದ ಬಾಯಿ ಮರೆಮಾಡಿಕೊಂಡಿದ್ದುದನ್ನು ವೈದ್ಯರು ಗಮನಿಸಿದ್ದರು. ಖಾರ ತಿಂದರೆ ಉರಿಯುತ್ತದೆಯೇ ಎಂದು ಕೇಳಿದರು. ವರ್ಷದಿಂದ ಉರಿಯುತ್ತಿದೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವುದಾಗಿದೆ ಎಂದಳು. ಎಲೆಯಡಿಕೆ, ಅದರೊಡನೆ ತಂಬಾಕು, ಮುಂಜಾನೆ ಮಿಸ್ರಿಯಿಂದ ಹಲ್ಲುಜ್ಜುವುದು, ಎಲ್ಲವೂ ತವರಿನಿಂದ ಬಂದ ರೂಢಿ. ಅವಳ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಇಡಲು ಹೇಳಿದರು. ಎರಡು ಮಾತ್ರ ಹಿಡಿದುವು.

ಇದು ಕಡೆಗಣಿಸತಕ್ಕ ಲಕ್ಷಣವಲ್ಲ. ಅಡಿಕೆಯನ್ನು ವರ್ಷಗಟ್ಟಲೆ ಅಗಿದವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ, ಬಾಯಿ ತೆರೆಯುವುದು ಕ್ರಮೇಣ ಕಿರಿದಾಗುತ್ತದೆ. ಇಂಥ ಬಾಯಿಯಲ್ಲಿ ಅರ್ಬುದ ಹುಟ್ಟುವ ಸಂಭವ ಹೆಚ್ಚು. ತಂಬಾಕಿಲ್ಲದ ಅಡಿಕೆಯೂ ಅರ್ಬುದಕಾರಕವೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ವಿಭಾಗವು 2004ರಲ್ಲಿ ಪ್ರಕಟಿಸಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿದೆ. ಆದರೆ ಮನೆಯ ಎಲೆತಟ್ಟೆಗೆ ಕಾನೂನಿನ ತಡೆಯಿಲ್ಲ; ಅಲ್ಲಿ ವಿವೇಕವೊಂದೇ ತಡೆ. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಿರಿದಾಗುತ್ತಿರುವ ಬಾಯಿ, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಮೊದಲ ಹಂತದಲ್ಲಿ ಪತ್ತೆಯಾದರೆ ಗುಣವಾಗುವ ಭರವಸೆ ದೊಡ್ಡದು.

“ಮೊದ್ಲು ಇವಳ ಲಗ್ನ ಆಗ್ಲಿ, ಆಮ್ಯಾಗ ನನ್ದು ನೋಡೋಣ್ರಿ” ಎಂದು ತಾಯಿ ಎದ್ದಳು. ಮಗಳು ಏಳಲಿಲ್ಲ. “ಅವ್ವಾ, ನಿಂದು ಮೊದ್ಲು. ನನ್ನ ಹಲ್ಲು ಇಷ್ಟು ವರ್ಷ ಹಿಂಗೇ ಅದ, ಇನ್ನೆರಡು ವಾರ ಇರ್ತದ” ಎಂದಳು.

ಮರುದಿನ ಇಬ್ಬರೂ ಹುಮನಾಬಾದಿನ ಬಸ್ಸು ಹತ್ತಿದರು. ಅಂದು ಮುಂಜಾನೆ ಮನೆಯಲ್ಲಿ ಎಲೆತಟ್ಟೆಯನ್ನು ಯಾರೂ ತೆರೆದಿರಲಿಲ್ಲ.